ಆ ಕೋಟು ಹೊಲಿದವರು ಯಾರು?

ಕಳೆದ ಸಂಚಿಕೆಯಲ್ಲಿ ಪೌರಕಾರ್ಮಿಕರ ಸಮವಸ್ತ್ರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಊರಿನ ದುಡ್ಡಿನಲ್ಲಿ ಬಟ್ಟೆ ಕೊಳ್ಳುವ ಪಾಲಿಕೆ, ಅದನ್ನು ಹೊಲಿದವರಿಗೆ ಸರಿಯಾದ ಕೂಲಿ ಸಿಕ್ಕಿತೇ ಅಂತಲೂ ಕೇಳಬೇಕು ಎಂದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟು: ಇಪ್ಪತ್ತಾರು ವರ್ಷ ಬೇರೆ ಬೇರೆ ಸ್ಥಳೀಯ ಸಂಸ್ಥೆಗಳ ಉಗ್ರಾಣ ಮತ್ತು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ಇರುವುದು ದಾವಣಗೆರೆಯ ನಿಟುವಳ್ಳಿಯಲ್ಲಿ. ನಮ್ಮಪ್ಪ ಇಲ್ಲಿನ ಹತ್ತಿ ಗಿರಣಿಯಲ್ಲಿ ದುಡಿದವರು.

ಬಟ್ಟೆ ಗಟ್ಟಿ ಇದೆಯೋ, ಬೆಲೆ ಸರಿ ಇದೆಯೋ ನೋಡಿದರೆ ಸಾಲದೇ? ಹೊಲಿದವರ ಕೂಲಿ ಪಾಲಿಕೆಗೆ ಯಾಕೆ ಬೇಕು?
– ಗೃಹಿಣಿ, ಹರಿಹರ

2009ರ ಮಳೆಗಾಲ. ಆಗ ನಾನು ಒಂದು ಪುರಸಭೆಯ ಉಗ್ರಾಣದಲ್ಲಿದ್ದೆ. ಬೀದಿ ಗುಡಿಸುವ ಹೆಣ್ಣುಮಕ್ಕಳಿಗೆ ಅಂತ 140 ಕೋಟು ಬಂದವು. ಟೆಂಡರಿನಲ್ಲಿ ಬಟ್ಟೆಯ ತೂಕ ಬರೆದಿತ್ತು. ಬಣ್ಣ ಬರೆದಿತ್ತು. ಮಿಂಚುವ ಪಟ್ಟಿಯ ಅಗಲ, ಗುಂಡಿಗಳ ಸಂಖ್ಯೆ ಕೂಡ ಇತ್ತು. ಟೇಪು ಹಿಡಿದು ಅಳೆದೆ. ಎಲ್ಲ ತಾಳೆಯಾಯಿತು. ಸ್ಟಾಕ್ ರಿಜಿಸ್ಟರಿಗೆ ಸಹಿ ಹಾಕಿದೆ. ಕೋಟೊಂದಕ್ಕೆ 260 ರೂಪಾಯಿಯಂತೆ ಬಿಲ್ ಪಾಸಾಯಿತು.

ಎರಡೇ ತಿಂಗಳಿಗೆ ಕಂಕುಳ ಹತ್ತಿರ ಹೊಲಿಗೆ ಬಿಡತೊಡಗಿತು. ಒಬ್ಬ ಹೆಂಗಸು ತನ್ನ ಕೋಟು ತಂದು ನನ್ನ ಮೇಜಿನ ಮೇಲೆ ಇಟ್ಟಳು. "ಪೊರಕೆ ಎತ್ತಿದರೆ ಹರೀತೈತೆ ಅಕ್ಕಾ" ಎಂದಳು. ಪೂರೈಕೆದಾರರಿಗೆ ಫೋನ್ ಮಾಡಿದೆ. ಬಿಲ್ಲಿನಲ್ಲಿದ್ದ ವಿಳಾಸ ದಾವಣಗೆರೆಯದು. ಭಾನುವಾರ ಊರಿಗೆ ಬಂದಾಗ ನಾನೇ ಹೋದೆ. ಅದು ಬರೀ ಅಂಗಡಿ. ಅಲ್ಲಿ ಒಂದು ಹೊಲಿಗೆ ಯಂತ್ರವೂ ಇರಲಿಲ್ಲ. ಅವರು ಒಬ್ಬ ಮೇಸ್ತ್ರಿಗೆ ಕೊಟ್ಟಿದ್ದರು. ಮೇಸ್ತ್ರಿ ಮನೆ ಮನೆಗೆ ಹಂಚಿದ್ದ.

ಮೂರನೇ ವಿಳಾಸದಲ್ಲಿ ಆ ಕೋಟು ಹೊಲಿದವರು ಸಿಕ್ಕರು. ಶೀಟು ಹೊದಿಸಿದ ಪಡಸಾಲೆ. ಎರಡು ಯಂತ್ರ. ತಾಯಿ, ಮತ್ತು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮಗಳು. ಕೋಟೊಂದಕ್ಕೆ ಅವರಿಗೆ ಸಿಗುತ್ತಿದ್ದುದು 8 ರೂಪಾಯಿ. ಕರೆಂಟ್ ಇದ್ದ ದಿನ ಒಬ್ಬರಿಗೆ ಆರು ಕೋಟು ಆಗುತ್ತಿತ್ತು. ಅಂದರೆ ದಿನಕ್ಕೆ 48. ಆಗಿನ ಕನಿಷ್ಠ ಕೂಲಿಯ ಅರ್ಧವೂ ಅಲ್ಲ. ಅದರಲ್ಲೇ ದಾರ ಅವರದು, ಸೂಜಿ ಅವರದು, ಕರೆಂಟ್ ಬಿಲ್ಲೂ ಅವರದು.

ನಾನು ಹರಿದ ಕೋಟು ತೋರಿಸಿದೆ. ಆ ತಾಯಿ ಹೊಲಿಗೆಯನ್ನು ಬೆರಳಲ್ಲಿ ಬಿಡಿಸಿ ನೋಡಿದಳು. "ದಾರ ಉಳೀಲಿ ಅಂತ ಟಾಕು ದೂರ ದೂರ ಹಾಕಿದ್ದೆ" ಎಂದಳು. ಮುಚ್ಚಿಡಲಿಲ್ಲ. ಒಂದು ಉರುಳೆ ದಾರ ಜಾಸ್ತಿ ಖರ್ಚಾದರೆ ಅವತ್ತಿನ ಎರಡು ಕೋಟಿನ ಕೂಲಿ ಹೋಗುತ್ತಿತ್ತು.

ಬಟ್ಟೆ ಗಟ್ಟಿ ಇದೆಯೋ ನೋಡಿದರೆ ಸಾಲದೇ ಅಂತ ಕೇಳಿದ್ದೀರಿ. ನಾನು ನೋಡಿದ್ದೆ, ಬಟ್ಟೆ ಗಟ್ಟಿಯೇ ಇತ್ತು. ಹೊಲಿಗೆ ನಿಲ್ಲಲಿಲ್ಲ, ಯಾಕೆಂದರೆ ಹೊಲಿದವಳಿಗೆ ದಾರ ಹಾಕಲು ನಾವು ದುಡ್ಡು ಉಳಿಸಿರಲಿಲ್ಲ. ಆ 260ರಲ್ಲಿ ಬಟ್ಟೆ, ಪಟ್ಟಿ, ಸಾಗಣೆ, ನಡುವಿನ ಕೈಗಳ ಲಾಭ ಎಲ್ಲ ಹೋಗಿ ಆ ಪಡಸಾಲೆಗೆ ತಲುಪಿದ್ದು 8. ಬಿಲ್ಲಿನ ಮೇಲೆ ಸಹಿ ನನ್ನದು. ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

'ಸ್ವೆಟ್‌ಶಾಪ್' ಅಂದರೆ ಏನು? ಬೇರೆ ಊರಿನ ನಗರಾಡಳಿತಗಳು ಇದರ ವಿರುದ್ಧ ನಿಯಮ ಮಾಡಿವೆ ಎಂದು ಬರೆದಿದ್ದಿರಿ. ಎಲ್ಲಿ?
– ಬಿ.ಕಾಂ. ವಿದ್ಯಾರ್ಥಿನಿ, ಚಳ್ಳಕೆರೆ

ಬೆವರು ಹಿಂಡುವ ಕೆಲಸದ ಜಾಗ ಎನ್ನಬಹುದು. ಕನಿಷ್ಠ ಕೂಲಿಯೂ ಇಲ್ಲ, ಹೊತ್ತು ಗೊತ್ತು ಇಲ್ಲ, ಬೆಂಕಿ ಬಿದ್ದರೆ ಓಡಲು ಬಾಗಿಲೂ ಇಲ್ಲ, ಬಾಯಿ ಬಿಟ್ಟರೆ ಕೆಲಸವೇ ಇಲ್ಲ. ದೊಡ್ಡ ಕಾರ್ಖಾನೆಯೇ ಆಗಬೇಕಿಲ್ಲ. ಮೇಲೆ ಹೇಳಿದ ಪಡಸಾಲೆಯೂ ಅದೇ.

ಅಮೆರಿಕದ ಒಹಾಯೊ ರಾಜ್ಯದಲ್ಲಿ ನಾರ್ತ್ ಓಲ್ಮ್‌ಸ್ಟೆಡ್ ಅಂತ ಒಂದು ಊರಿದೆ. ಜನಸಂಖ್ಯೆ ಮೂವತ್ತು ಸಾವಿರ ಚಿಲ್ಲರೆ. ನಮ್ಮ ಹರಿಹರದ ಅರ್ಧಕ್ಕಿಂತ ಚಿಕ್ಕದು. ಇಂಥ ಜಾಗಗಳಲ್ಲಿ ತಯಾರಾದ ಮಾಲನ್ನು ನಮ್ಮ ನಗರಸಭೆ ಕೊಳ್ಳುವುದಿಲ್ಲ ಎಂದು ಆ ಊರು 1997ರಲ್ಲಿ ನಿಯಮ ಮಾಡಿತು. ಅಲ್ಲಿ ಮೊದಲು ಹೀಗೆ ಮಾಡಿದ ಊರು ಅದೇ. ಆಮೇಲೆ ಲಾಸ್ ಏಂಜಲೀಸ್ 2004ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ 2005ರಲ್ಲಿ, ಪೋರ್ಟ್‌ಲೆಂಡ್ 2008ರಲ್ಲಿ ತಮ್ಮ ತಮ್ಮ ನಿಯಮ ತಂದವು. ಪೊಲೀಸರ ಸಮವಸ್ತ್ರ, ಅಗ್ನಿಶಾಮಕ ಸಿಬ್ಬಂದಿಯ ಅಂಗಿ, ಇಂಥ ಖರೀದಿಗಳು ಅದರೊಳಗೆ ಬಂದವು. ಮಾಲು ಕೊಡುವವರು ಅದು ಯಾವ ಕಾರ್ಖಾನೆಯಲ್ಲಿ ತಯಾರಾಯಿತು, ವಿಳಾಸ ಏನು ಎಂದು ತಿಳಿಸಬೇಕು. ಲಾಸ್ ಏಂಜಲೀಸ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಆ ಕಾರ್ಖಾನೆಗಳಿಗೆ ಹೋಗಿ ನೋಡುವ ಕೆಲಸವನ್ನು ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ಹೊರಗಿನ ಸಂಸ್ಥೆಗೆ ದುಡ್ಡು ಕೊಟ್ಟು ವಹಿಸಿತು.

ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ವಿಳಾಸ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರ, ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಕೆಳಗಿನ ಬ್ಯಾಂಕಿನವರು ಬಾಗಿಲು ಹಾಕಿಕೊಂಡು ಹೋದರು. ಮೇಲಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಮಾತ್ರ ಒಳಗೆ ಕಳಿಸಿದರು. ಅಲ್ಲಿ ಯಾವ ಯಾವ ಕಂಪನಿಯ ಬಟ್ಟೆ ಹೊಲಿಯುತ್ತಿದ್ದರು ಎಂದು ತಿಳಿಯಲು ಅವಶೇಷದೊಳಗೆ ಲೇಬಲ್ ಹುಡುಕಬೇಕಾಯಿತು. ವಿಳಾಸ ಮೊದಲೇ ಬರೆದಿಡುವ ನಿಯಮ ಯಾಕೆ ಬೇಕು ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇದೆಲ್ಲ ದೂರದ ಮಾತು ಅಂದುಕೊಳ್ಳಬೇಡಿ. 2020ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಏರಬೇಕಿತ್ತು. ಸರ್ಕಾರ ಅದನ್ನು ಮುಂದೂಡಿತು. ಕೊಡಬೇಕೆಂದು ಹೈಕೋರ್ಟ್ ಹೇಳಿದ ಮೇಲೂ ಬಹಳ ಕಾರ್ಖಾನೆಗಳು ಒಂದು ವರ್ಷಕ್ಕೂ ಮೀರಿ ಕೊಡಲಿಲ್ಲ. ಸುಮಾರು 4 ಲಕ್ಷ ಜನರ ಕೂಲಿಯ ಪ್ರಶ್ನೆ ಅದು. ಅದನ್ನು ಹೊರಗೆ ತಂದು, ಬಟ್ಟೆ ಕೊಳ್ಳುವ ಕಂಪನಿಗಳ ಮೇಲೆ ಒತ್ತಡ ಹಾಕಿದವರಲ್ಲಿ ಇದೇ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಕೂಡ ಇತ್ತು. 2022ರಲ್ಲಿ ಹಳೇ ಬಾಕಿ ಕೊಡಲು ಮಾಲೀಕರು ಒಪ್ಪಿದರು. ಕೊಳ್ಳುವವರು ಕೇಳಿದರೆ ಕೂಲಿ ಬರುತ್ತದೆ. ನಮ್ಮ ನಗರಪಾಲಿಕೆಯೂ ಕೊಳ್ಳುವವರೇ ಅಲ್ವಾ?

ಇದು ವಿದೇಶದಿಂದ ತಂದ ಆಲೋಚನೆ. ನಮ್ಮಲ್ಲಿ ಅತಿ ಕಡಿಮೆ ದರದವರಿಗೇ ಟೆಂಡರ್ ಕೊಡಬೇಕು. ಕಾನೂನೇ ಹಾಗಿದೆ.
– ನಿವೃತ್ತ ಉಪನ್ಯಾಸಕರು, ಚಿತ್ರದುರ್ಗ

ತಮ್ಮ ಮೇಲೆ ಗೌರವ ಇಟ್ಟುಕೊಂಡೇ ಇದನ್ನು ಒಪ್ಪುವುದಿಲ್ಲ.

ಮೊದಲು ನಮ್ಮ ಬಾವುಟ ನೋಡಿ. ರಾಷ್ಟ್ರಧ್ವಜ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಖಾದಿಯದೇ ಆಗಿರಬೇಕು ಎಂದು ಎಷ್ಟೋ ದಶಕ ನಿಯಮವಿತ್ತು. ಅಳತೆ, ಬಣ್ಣ ಮಾತ್ರವಲ್ಲ, ಹೇಗೆ ತಯಾರಾಗಬೇಕು ಎಂಬುದೂ ಅದರಲ್ಲೇ ಇತ್ತು. ಪ್ರತಿ ಕಚೇರಿಯೂ ಹಾಗೆಯೇ ಕೊಳ್ಳುತ್ತಿತ್ತು. ನಮ್ಮಿಂದ ಮೂರು ತಾಸಿನ ದಾರಿಯಲ್ಲಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಖಾದಿ ಸಂಘದ ಹೆಣ್ಣುಮಕ್ಕಳು ಆ ಬಾವುಟ ಹೊಲಿದು ಬದುಕಿದ್ದು ಆ ಒಂದು ನಿಯಮದ ಬಲದಿಂದ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಯಂತ್ರದ ಬಟ್ಟೆ, ಪಾಲಿಯೆಸ್ಟರ್ ಕೂಡ ನಡೆಯುತ್ತದೆ ಎಂದಾಯಿತು. ಬೆಂಗೇರಿಯವರು ಬೀದಿಗಿಳಿದು ಬೇಡ ಎಂದರು. ಖಾದಿ ನೂಲುವವರ ಕೂಲಿ ಹಿಂದೆಯೂ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಅದೂ ಕಡಿಮೆಯೇ. ಆದರೆ ಒಂದು ವಸ್ತು ಯಾರ ಕೈಯಲ್ಲಿ, ಹೇಗೆ ಆಗಬೇಕು ಎಂದು ಸರ್ಕಾರ ಕೇಳುವುದು ಈ ನೆಲಕ್ಕೆ ಹೊಸದಲ್ಲ.

ಇನ್ನು ಕಾನೂನು. ನಮ್ಮಲ್ಲಿ ಟೆಂಡರ್ ನಡೆಯುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999ರ ಪ್ರಕಾರ. ಕಚೇರಿಯಲ್ಲಿ ನಾವು ಕೆಟಿಪಿಪಿ ಎನ್ನುತ್ತಿದ್ದೆವು. ಕಡಿಮೆ ದರದವರಿಗೆ 'ಎಲ್-1' ಅಂತ ಹೆಸರು. ಆದರೆ ಎಲ್-1 ಎಂದರೆ ಷರತ್ತು ಪೂರೈಸಿದವರಲ್ಲಿ ಕಡಿಮೆ ದರ. ಷರತ್ತು ಬರೆಯುವವರು ನಾವೇ. ಇದೇ ಕಾಯ್ದೆಗೆ ತಿದ್ದುಪಡಿ ತಂದು ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಶೇ. 24.10 ಮೀಸಲು ಇಟ್ಟರು. ಮೊದಲು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗೆ, ಆಮೇಲೆ 1 ಕೋಟಿವರೆಗೆ. ಬಹಳ ಒಳ್ಳೆಯ ಕೆಲಸ. ಗುತ್ತಿಗೆದಾರ ಯಾರು ಎಂದು ನ್ಯಾಯದ ಕಣ್ಣಿಂದ ನೋಡುವ ಕಾಯ್ದೆ, ಅವರ ಕೆಳಗೆ ದುಡಿಯುವವರು ಯಾರು ಎಂದೂ ನೋಡಬಹುದಲ್ಲ.

1982ರ ಏಷ್ಯಾಡ್ ಪ್ರಕರಣವನ್ನು ತಾವು ಪಾಠ ಮಾಡಿರಬಹುದು. ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟುತ್ತಿದ್ದ ಕೂಲಿಗಳಿಗೆ ದಿನಕ್ಕೆ 9 ರೂಪಾಯಿ 25 ಪೈಸೆ ಸಿಗಬೇಕಿತ್ತು. ನಡುವಿನ ಜಮಾದಾರ ತಲೆಗೆ ಒಂದು ರೂಪಾಯಿ ಹಿಡಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ನ್ಯಾಯಮೂರ್ತಿ ಭಗವತಿ ಅವರಿಗೆ ಬಂದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ಮಾಡಿಸುವ ಕೆಲಸ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಗುತ್ತಿಗೆದಾರನ ಕಡೆ ಬೆರಳು ತೋರಿಸಿ ಸರ್ಕಾರ ತಪ್ಪಿಸಿಕೊಳ್ಳುವಂತಿಲ್ಲ ಎಂದೂ ಹೇಳಿತು. ಇದು ವಿದೇಶದ್ದಲ್ಲ.

ಕೂಲಿ ಜಾಸ್ತಿ ಮಾಡಿದರೆ ಆ ಹೊರೆ ನಮ್ಮ ಮನೆ ಕಂದಾಯದ ಮೇಲೆ ಬೀಳುವುದಿಲ್ಲವೇ?
– ಕಂದಾಯ ಕಟ್ಟುವವರು, ವಿನೋಬನಗರ, ದಾವಣಗೆರೆ

ನನ್ನ ಹಳೇ ಲೆಕ್ಕವನ್ನೇ ಹಿಡಿಯಿರಿ. ಹೊಲಿಗೆಗೆ 8ರ ಬದಲು 20 ಕೊಟ್ಟಿದ್ದರೆ 260ರ ಕೋಟು 272 ಆಗುತ್ತಿತ್ತು. ನೂರಕ್ಕೆ ಐದೂ ಇಲ್ಲ. ಎರಡೇ ತಿಂಗಳಿಗೆ ಹರಿದ ಕೋಟುಗಳನ್ನು ಮತ್ತೆ ಹೊಲಿಸಲು ನಾವು ಅದಕ್ಕಿಂತ ಜಾಸ್ತಿ ಖರ್ಚು ಮಾಡಿದೆವು.

ನಾನೂ ಪಾಲಿಕೆಗಳಿಗೆ ಮಾಲು ಕೊಡುವವನು. ಬಿಲ್ ಆಗಲು ಎಂಟು ತಿಂಗಳು. ನನ್ನ ಪಕ್ಕದವನು ನನಗಿಂತ ಹತ್ತು ರೂಪಾಯಿ ಕಡಿಮೆ ಹಾಕುತ್ತಾನೆ. ನಾನು ಯಾವ ದುಡ್ಡಿನಲ್ಲಿ ಕೂಲಿ ಕೊಡಲಿ?
– ಪೂರೈಕೆದಾರರು, ಚೌಕಿಪೇಟೆ, ದಾವಣಗೆರೆ

ನಿಮ್ಮ ಪತ್ರ ಓದಿ ಬಹಳ ಹೊತ್ತು ಯೋಚಿಸಿದೆ. ನೀವು ಹೇಳುವುದು ನಿಜ. ಬಿಲ್ಲುಗಳು ಮೇಜಿನಿಂದ ಮೇಜಿಗೆ ತಿಂಗಳುಗಟ್ಟಲೆ ಅಲೆಯುವುದನ್ನು ನಾನು ಒಳಗಿನಿಂದ ನೋಡಿದ್ದೇನೆ. ದುಡ್ಡು ತಡವಾದಾಗ ಮೇಲಿನವರು ಸಾಲ ಮಾಡಿ ಬದುಕುತ್ತಾರೆ. ಕೆಳಗಿನವರ ಬಟವಾಡೆ ನಿಲ್ಲುತ್ತದೆ. ಕೂಲಿ ಕೊಡು ಅಂತ ನಿಮಗೆ ಷರತ್ತು ಹಾಕುವ ಪಾಲಿಕೆ, ಇಷ್ಟು ದಿನದೊಳಗೆ ಬಿಲ್ ಕೊಡುತ್ತೇನೆ ಎಂದು ತನಗೂ ಷರತ್ತು ಹಾಕಿಕೊಳ್ಳಬೇಕು. ಇದನ್ನು ಬಿಟ್ಟು ಬರೀ ನಿಮ್ಮನ್ನು ಹಿಡಿಯುವುದು ಅನ್ಯಾಯ.

ನೀವು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಕಾಯ್ದೆ ಪ್ರಕಾರ ಅಂಥ ಪೂರೈಕೆದಾರರಿಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕು. ಮಾಲು ಖರೀದಿಸುವವರು ಸರ್ಕಾರಿ ಕಚೇರಿಯಾದರೂ ಅಷ್ಟೇ. ಬರೀ ಮಾರಾಟಗಾರರಾಗಿದ್ದರೆ ಈ ಅನುಕೂಲ ಸಿಗುವುದು ಕಷ್ಟ. ನಿಮ್ಮದೇ ಹೊಲಿಗೆ ಘಟಕ ಇಟ್ಟುಕೊಳ್ಳಲು ಇದೂ ಒಂದು ಕಾರಣ.

ಪಕ್ಕದವನ ಹತ್ತು ರೂಪಾಯಿಯ ವಿಷಯ. ಒಂದು ಕೋಟು ಹೊಲಿಯಲು ಎಷ್ಟು ನಿಮಿಷ ಬೇಕು ಎಂಬುದು ಯಾವ ದರ್ಜಿಗೂ ಗೊತ್ತು. ಟೆಂಡರಿನ ಅಂದಾಜು ಪಟ್ಟಿಯಲ್ಲೇ ಆ ನಿಮಿಷವನ್ನು ಕನಿಷ್ಠ ಕೂಲಿಗೆ ಗುಣಿಸಿ, ಹೊಲಿಗೆ ಬಾಬ್ತು ಇದಕ್ಕಿಂತ ಕೆಳಗೆ ಹೋಗುವಂತಿಲ್ಲ ಎಂದು ಬರೆಯಲಿ. ಸ್ಪರ್ಧೆ ಬಟ್ಟೆಯಲ್ಲಿ ನಡೆಯಲಿ, ಸಾಗಣೆಯಲ್ಲಿ ನಡೆಯಲಿ, ಲಾಭದಲ್ಲಿ ನಡೆಯಲಿ. ಆಗ ನಿಮ್ಮ ಪಕ್ಕದವರು ಹತ್ತು ರೂಪಾಯಿಯನ್ನು ಆ ಪಡಸಾಲೆಯಿಂದ ಕೀಳಲು ಆಗುವುದಿಲ್ಲ.

ನಮ್ಮಲ್ಲಿ ಕೂಲಿ ಷರತ್ತು ಸೇರಿಸಿದ್ದೇವೆ. ಪೂರೈಕೆದಾರರು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಕೊಟ್ಟಿದ್ದಾರೆ. ಸಾಕಲ್ಲವೇ?
– ಸ್ಥಳೀಯ ಸಂಸ್ಥೆಯೊಂದರ ಮಾಜಿ ಸದಸ್ಯರೊಬ್ಬರು, ಹೆಸರು ಬೇಡ ಎಂದಿದ್ದಾರೆ

ಸಾಲದು. ನನ್ನ ಕಾಲದಲ್ಲಿ ಅಂಥ ಪ್ರಮಾಣಪತ್ರಗಳ ಒಂದು ಬೀರುವೇ ಇತ್ತು.

ಇಲ್ಲೊಂದು ಕಂದಕ ಇದೆ, ಗಮನಿಸಿ. ಪಾಲಿಕೆ ಜನರನ್ನು ಗುತ್ತಿಗೆಗೆ ತೆಗೆದುಕೊಂಡಾಗ ಬಿಲ್ಲಿನ ಜೊತೆ ಕಾರ್ಮಿಕರ ವಿಮೆ (ಇಎಸ್‌ಐ), ಭವಿಷ್ಯ ನಿಧಿ (ಪಿಎಫ್) ಕಟ್ಟಿದ ಚಲನ್ ಕೇಳುತ್ತಾರೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು. ಹೊಸ ಕಾರ್ಮಿಕ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಆದರೆ ಮಾಲು ಕೊಂಡಾಗ ಈ ಯಾವುದೂ ನೇರವಾಗಿ ತಾಗುವುದಿಲ್ಲ. ಕೋಟು ತೊಟ್ಟವಳ ಕೂಲಿಗೆ ಕಾವಲಿದೆ, ಕೋಟು ಹೊಲಿದವಳ ಕೂಲಿಗೆ ಇಲ್ಲ. ಆ ಕಂದಕಕ್ಕೆ ಸೇತುವೆ ಟೆಂಡರ್ ಷರತ್ತೊಂದೇ.

ಅದರಲ್ಲಿ ಹೊಲಿಯುವ ಪ್ರತಿ ಜಾಗದ ವಿಳಾಸ ಇರಲಿ, ಮನೆಯಾದರೂ ಸರಿ. ದಾರ, ಕರೆಂಟು ಪೂರೈಕೆದಾರರ ಖರ್ಚು ಎಂದಿರಲಿ. ಹೊಲಿಗೆ ದರ ಎಷ್ಟು ಎಂದು ಕನ್ನಡದಲ್ಲಿ ಬರೆದು ಅಲ್ಲಿ ತೂಗುಹಾಕಲಿ. ಮುಖ್ಯವಾಗಿ, ಹೇಳದೆ ಕೇಳದೆ ಹೋಗಿ ನೋಡುವ ಅಧಿಕಾರ ಮತ್ತು ಹೋಗಿ ಬರುವ ಖರ್ಚು ಎರಡನ್ನೂ ಒಬ್ಬರಿಗೆ ಕೊಡಿ. ನಾನು ಹೋದದ್ದು ನನ್ನ ಸ್ವಂತ ಭಾನುವಾರದಲ್ಲಿ. ವ್ಯವಸ್ಥೆ ಒಬ್ಬರ ಭಾನುವಾರದ ಮೇಲೆ ನಿಲ್ಲಬಾರದು.

ಸಾಮಾನ್ಯ ಜನ ಏನು ಮಾಡಬಹುದು? ಮಾಹಿತಿ ಹಕ್ಕಿನಲ್ಲಿ ಹೇಗೆ ಕೇಳಬೇಕು?
– ಯುವಕರ ತಂಡ, ಜಗಳೂರು

ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ಯಾಕೆ ಕೇಳುತ್ತಿದ್ದೀರಿ ಎಂದು ಹೇಳಬೇಕಿಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಬಹಳ ಜನ ಇಲ್ಲೇ ಎಡವುತ್ತಾರೆ. ಇನ್ನೊಂದು ತಪ್ಪು, 'ಯಾಕೆ' ಎಂದು ಕೇಳುವುದು. ದಾಖಲೆ ಕೇಳಿ, ಕಾರಣ ಕೇಳಬೇಡಿ. ಹೀಗೆ ಬರೆಯಿರಿ:

"ಕಳೆದ ಆರ್ಥಿಕ ವರ್ಷದಲ್ಲಿ ಪೌರಕಾರ್ಮಿಕರ ಸಮವಸ್ತ್ರ ಖರೀದಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ನಕಲು ಕೊಡಿ. ಟೆಂಡರ್ ಪ್ರಕಟಣೆ ಮತ್ತು ಷರತ್ತುಗಳು. ಕಾರ್ಯಾದೇಶ. ಪಾವತಿಸಿದ ಬಿಲ್ಲುಗಳು. ಸಮವಸ್ತ್ರ ಹೊಲಿದ ಸ್ಥಳದ ವಿಳಾಸವಿರುವ ದಾಖಲೆ. ಮಾಲು ತಪಾಸಣೆ ವರದಿ."

ಇಷ್ಟೇ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ ಹಾಕಿ. ವ್ಯಾಪಾರದ ಗುಟ್ಟು, ಕಲಂ 8(1)(ಡಿ) ಎಂದು ತಳ್ಳಿಹಾಕಿದರೆ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎಂದು ಅದೇ ಕಲಂನಲ್ಲಿದೆ, ಅದನ್ನು ಮೇಲ್ಮನವಿಯಲ್ಲಿ ಬರೆಯಿರಿ. 'ಹೊಲಿದ ಸ್ಥಳದ ವಿಳಾಸ ಕಚೇರಿಯಲ್ಲಿ ಲಭ್ಯವಿಲ್ಲ' ಎಂಬ ಉತ್ತರ ಬಂದರೆ ಬೇಸರ ಬೇಡ. ನಿಮಗೆ ಬೇಕಾದ ಕಾಗದ ಅದೇ. ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹಾ ಸಭೆ ಕರೆಯುತ್ತಾರಲ್ಲ, ಅಲ್ಲಿ ಆ ಉತ್ತರದ ನಕಲನ್ನು ಎಲ್ಲರಿಗೂ ಹಂಚಿ. ಟೆಂಡರ್ ಹೊರಬಿದ್ದ ಮೇಲೆ ಷರತ್ತು ಸೇರಿಸುವುದು ಕಷ್ಟ. ಸುಮ್ನೆ ಕೂಗಾಡುವುದಕ್ಕಿಂತ ಮುಂಚೆಯೇ ಹೋಗುವುದು ಒಳ್ಳೆಯದು.

ನಾನು ಮನೆಯಲ್ಲಿ ಹೊಲಿಯುತ್ತೇನೆ. ಶಾಲೆ ಚಡ್ಡಿ, ಆಸ್ಪತ್ರೆ ಹೊದಿಕೆ, ಕೋಟು ಎಲ್ಲ ಬರುತ್ತವೆ. ಯಾರಿಗೆ ಹೋಗುತ್ತವೆ ಗೊತ್ತಿಲ್ಲ. ಬಾಯಿ ಬಿಟ್ಟರೆ ಮೇಸ್ತ್ರಿ ಕೆಲಸ ಕೊಡುವುದಿಲ್ಲ. ನಾನೇನು ಮಾಡಲಿ?
– ಹೆಸರು, ಊರು ಬೇಡ

ಅಮ್ಮಾ, ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡಿದ್ದು ನಿಧಾನವಾಗಿ ಉತ್ತರ ಬರೆಯಬೇಕು ಅಂತ. ನೀವು ಈಗ ಮೇಸ್ತ್ರಿ ಹತ್ತಿರ ಏನೂ ಹೇಳಬೇಡಿ. ಒಬ್ಬರೇ ಹೋಗಿ ಜಗಳ ಮಾಡುವುದು ಖಂಡಿತ ಬೇಡ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮಾಲು ಬಂದ ತಾರೀಕು, ಎಷ್ಟು ಪೀಸು, ದರ ಎಷ್ಟು, ದುಡ್ಡು ಕೈಗೆ ಬಂದ ದಿನ, ದಾರಕ್ಕೆ ನೀವು ಹಾಕಿದ್ದು ಎಷ್ಟು, ಇಷ್ಟನ್ನು ದಿನಾ ಬರೆಯಿರಿ. ಕಟ್ಟಿನ ಮೇಲೆ ಚೀಟಿ ಇದ್ದರೆ, ಬಟ್ಟೆಯ ಮೇಲೆ ಮುದ್ರೆ ಇದ್ದರೆ, ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಡಿ. ಯಾರಿಗೆ ಹೋಗುತ್ತದೆ ಎಂಬುದು ಅಲ್ಲಿಂದಲೇ ತಿಳಿಯುತ್ತದೆ. ನಿಮ್ಮ ಬೀದಿಯಲ್ಲಿ ಇನ್ನೂ ನಾಲ್ಕು ಜನ ಹೊಲಿಯುವವರು ಇರುತ್ತಾರೆ. ಅವರ ದರವನ್ನೂ ಕೇಳಿ ಬರೆದುಕೊಳ್ಳಿ. ನಾನು ಆ ಪಡಸಾಲೆಗೆ ಹೋದ ದಿನ ಆ ತಾಯಿಯ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಇದ್ದಿದ್ದರೆ ಕಡತದಲ್ಲಿ ಬರೆಯಲು ನನ್ನ ಕೈಯಲ್ಲಿ ಏನಾದರೂ ಇರುತ್ತಿತ್ತು.

ಮನೆಗೆ ತಂದು ಹೊಲಿಯುವವರು ಕಾರ್ಮಿಕರೇ ಅಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1948ರ ಕನಿಷ್ಠ ವೇತನ ಕಾಯ್ದೆಯೇ ಮನೆಗೆ ಮಾಲು ಒಯ್ದು ದುಡಿಯುವವರನ್ನು ಕಾರ್ಮಿಕರ ಸಾಲಿಗೆ ಸೇರಿಸಿತ್ತು.

ಹೆಣ್ಣುಮಕ್ಕಳಿಗೆ ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಆದಾಯ ಎಷ್ಟು ಎಂದು ಕೇಳುವಂತಿಲ್ಲ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಹಾಗೆ ಇದೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಮೂರು ತಿಂಗಳ ಲೆಕ್ಕ ಸೇರಿದ ಮೇಲೆ, ನಾಲ್ಕೈದು ಜನ ಒಟ್ಟಿಗೆ, ನೋಟ್‌ಬುಕ್ ಹಿಡಿದು ಅಲ್ಲಿಗೆ ಹೋಗಿ. ಅದಕ್ಕೂ ಮುಂಚೆ ನನಗೆ ಇನ್ನೊಂದು ಪತ್ರ ಬರೆಯಿರಿ. ಹೆಸರು ಬೇಡ, ಕೋಟಿನ ದರ ಮಾತ್ರ ಬರೆಯಿರಿ. ಅದು ಈಗ ಎಷ್ಟಾಗಿದೆ ಎಂದು ನನಗೆ ತಿಳಿಯಬೇಕಾಗಿದೆ.